ಕಂಬಳಿ ಹೊದ್ದ ತೊಟ್ಟಿ

"ಅಕ್ಕಾ, ನಾಲ್ಕು ಹೊರೆ ಜೊಂಡು ಕೊಡೇ. ಇವತ್ತು ರಾತ್ರಿ ಮಂಜು ಹೆಪ್ಪುಗಟ್ಟುತ್ತಂತೆ. ನನ್ನ ಸೊಪ್ಪು ಉಳಿಯಲ್ಲ," ಎಂದಳು ಮೈದುನನ ಹೆಂಡತಿ.

"ನನ್ನ ತೊಟ್ಟಿಗೇ ಸಾಲಲ್ಲ ಕಣೇ," ಎಂದು ದೊಡ್ಡವಳು ಕುಡುಗೋಲು ಒರೆಸಿಕೊಂಡಳು. ಒಣಜೊಂಡಿನ ರಾಶಿ ಅವಳ ಬೆನ್ನ ಹಿಂದೆಯೇ ಆಳೆತ್ತರ ಬಿದ್ದಿತ್ತು. ಚಿಕ್ಕವಳು ಅದನ್ನೊಮ್ಮೆ ನೋಡಿ ಹೊರಟುಹೋದಳು.

ಹಾಸ್ಟೆಲಿನ ಕೊಳೆನೀರು ಈ ಎರಡು ಜಲ್ಲಿ ತೊಟ್ಟಿಗಳಲ್ಲಿ, ಗಿಡಗಳ ಬೇರಿನ ನಡುವೆ ಇಳಿದು ತಿಳಿಯಾಗಬೇಕು. ಮೊದಲು ಎರಡರಲ್ಲೂ ದೊಡ್ಡವಳು ನೆಟ್ಟ ಜೊಂಡೇ ಇತ್ತು. ಚಳಿಗೆ ಅದು ಒಣಗಿದರೆ ಕೊಯ್ದು, ಬೇರು ಬೆಚ್ಚಗಿರಲೆಂದು ಅದನ್ನೇ ಮೇಲೆ ಹೊದಿಸುವುದು. ಅಷ್ಟರಲ್ಲಿ ಈ ಮಹಾರಾಯ್ತಿ ಕೆಲಸಕ್ಕೆ ಸೇರಿದಳು, ಚಳಿಯಲ್ಲೂ ಹಸಿರಾಗಿರುತ್ತೆ ಅಂತ ಒಂದು ತೊಟ್ಟಿಗೆ ಅದೆಂಥದೋ ನೀರುಸೊಪ್ಪು ತಂದು ನೆಟ್ಟಳು. ಈಗ ಹಾಸ್ಟೆಲಿನ ಮೇಲ್ವಿಚಾರಕರು ಒಂದೊಂದು ತೊಟ್ಟಿಯಿಂದ ಇಳಿದ ನೀರು ತುಂಬಿ ಕಿಟಕಿಯಲ್ಲಿ ಎರಡು ಗಾಜಿನ ಸೀಸೆ ಇಟ್ಟಿದ್ದಾರೆ. ಚಳಿ ಮುಗಿಯುವಾಗ ಯಾರ ನೀರು ತಿಳಿಯಾಗಿದೆಯೋ ಅವರ ಗಿಡವೇ ಎರಡೂ ತೊಟ್ಟಿಗೆ. ಇನ್ನೊಂದನ್ನು ಬೇರುಸಹಿತ ಕಿತ್ತು ಬಿಸಾಡುವುದು. ದೊಡ್ಡವಳ ಸೀಸೆ ಆಗಲೇ ಪಾತ್ರೆ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು.

ಅಯ್ಯೋ, ಮನೆಯಲ್ಲೂ ಇದೇ ಪಾಡು. ಅತ್ತೆಯ ಬಾಯಲ್ಲಿ ಹೊತ್ತು ಹುಟ್ಟಿದರೆ ಚಿಕ್ಕವಳು, ಹೊತ್ತು ಮುಳುಗಿದರೆ ಚಿಕ್ಕವಳು. ಕೇಳಿ ಕೇಳಿ ದೊಡ್ಡವಳ ಹೊಟ್ಟೆ ಉರಿಯುತ್ತಿತ್ತು. ಅಂದು ಸಂಜೆ ಅವಳು ಇದ್ದಬದ್ದ ಜೊಂಡನ್ನೆಲ್ಲ ತನ್ನ ತೊಟ್ಟಿಯ ಮೇಲೇ ಸುರಿದು, ಮನೆಗೆ ಹೋಗಿ ಬೇಗ ಮಲಗಿಬಿಟ್ಟಳು.

ಬೆಳಿಗ್ಗೆ ಕರಕಲಾದ ಸೊಪ್ಪು ನೋಡುವ ಆಸೆಗೆ ಎಲ್ಲರಿಗಿಂತ ಮೊದಲು ಬಂದಳು. ನೋಡಿದರೆ, ಚಿಕ್ಕವಳ ತೊಟ್ಟಿಯ ಅಂಚಿಗೆಲ್ಲ ಗೋಣಿಚೀಲ, ನಡುವೆ ಅತ್ತೆಯ ಕಂಬಳಿ! ಅದರ ಮೇಲೆ ಮಂಜು ಉಪ್ಪಿನ ಹಾಗೆ ಬೆಳ್ಳಗೆ ಕೂತಿತ್ತು.

ಬಾಣಂತನದಲ್ಲಿ ಗಡಗಡ ನಡುಗುತ್ತಾ ದೊಡ್ಡವಳು ಕೇಳಿದ್ದ ಕಂಬಳಿ ಅದು. "ನಿಮ್ಮ ಮಾವ ತಂದದ್ದು, ಯಾರಿಗೂ ಕೊಡಲ್ಲ," ಎಂದು ಅತ್ತೆ ಪೆಟ್ಟಿಗೆಗೆ ಬೀಗ ಹಾಕಿದ್ದರು.

ಅಷ್ಟರಲ್ಲಿ ಹಿಂದಿನಿಂದ ಚಿಕ್ಕವಳು ಬಂದಳು. "ಅತ್ತೇನೇ ತೆಗೆದುಕೊಟ್ರು ಅಕ್ಕಾ. ನಾನು ಕೇಳಲೂ ಇಲ್ಲ," ಎಂದು ಹೇಳಿ, ಪಂಪು ಹಾಕಲು ಹೋದಳು.

ಕೇಳಲೂ ಇಲ್ಲವಂತೆ. ದೊಡ್ಡವಳು ಅತ್ತಿತ್ತ ನೋಡಿದಳು. ಸುತ್ತ ಯಾರೂ ಇರಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಕೈಗೆ ಸಿಕ್ಕಷ್ಟು ಸೊಪ್ಪನ್ನು ಬೇರುಸಹಿತ ಕೀಳಬೇಕೆಂದು ಕಂಬಳಿಯ ಕೆಳಗೆ ಕೈಯನ್ನು ಮೊಣಕೈವರೆಗೂ ತೂರಿಸಿದಳು.

ಒಳಗೆ ಬೆಚ್ಚಗಿತ್ತು.

ಪಂಪಿನ ಸದ್ದು ಶುರುವಾಯಿತು. ಅವಳು ಏನನ್ನೂ ಕೀಳಲಿಲ್ಲ, ಕೈಯನ್ನೂ ಹೊರಗೆ ತೆಗೆಯಲಿಲ್ಲ.