ಗೋಡೆಗೆ ಗೆರೆ ಎಳೆಯುವ ಅತ್ತೆ

ನಮ್ಮ ಸ್ನಾನದ ಮನೆಯ ತಿಳಿಹಸಿರು ಗೋಡೆಯ ಮೇಲೆ ಸೀಮೆಸುಣ್ಣದ ಕೆಲವು ವಕ್ರರೇಖೆಗಳಿವೆ. ಹೊಸದಾಗಿ ಬಂದವರು ಅವನ್ನು ಮಗುವಿನ ಕೈಚಳಕವೆಂದು ಮೆಚ್ಚಿಕೊಳ್ಳುತ್ತಾರೆ. ನಮ್ಮ ಮಗುವಿಗೆ ಇನ್ನೂ ನೆಟ್ಟಗೆ ನಿಲ್ಲಲು ಬರುವುದಿಲ್ಲ; ಆ ಗೆರೆಗಳು ನಮ್ಮೊಡನೆಯೇ ಇರುವ, ನನ್ನ ಗಂಡನ ಸೋದರತ್ತೆಯವು. ಗೋಡೆಯಲ್ಲಿ ತೇವ ಕಂಡರೆ ಲೋಕದ ಉಳಿದ ಮಂದಿ ಫೋನಿಗೆ ಕೈಹಾಕುತ್ತಾರೆ, ಅತ್ತೆ ಕೋಟಿನ ಜೇಬಿಗೆ ಕೈಹಾಕುತ್ತಾರೆ. ಸೀಮೆಸುಣ್ಣ ತೆಗೆದು, ತೇವದ ಅಂಚಿನಗುಂಟ ಒಂದು ಗೆರೆ ಎಳೆದು, ಎದುರಿಗೆ ಕುರ್ಚಿ ಹಾಕಿಕೊಂಡು, ಒಂದು ಲೋಟ ಚಹಾವನ್ನು ನಿಧಾನವಾಗಿ ಹೀರುತ್ತಾರೆ. ಲೋಟ ಬರಿದಾಗುವುದರೊಳಗೆ ತೇವವು ಗೆರೆ ದಾಟಿದರೆ ಪ್ಲಂಬರನಿಗೆ ಕರೆ. ದಾಟದಿದ್ದರೆ ವಾಲ್ವ್ ಮುಚ್ಚಿ, ಅವನ ರಜೆಯನ್ನು ಅವನ ಪಾಡಿಗೆ ಬಿಡುವುದು.

ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ಯೌವನದಿಂದ ನಿವೃತ್ತಿಯವರೆಗೂ ವಾರ್ಡನ್ ಆಗಿದ್ದವರು ಅವರು. ನಾವಿರುವ ಇಡೀ ಕಟ್ಟಡದಲ್ಲಿ ಇಂದಿಗೂ ವಾರ್ಡನ್ ಅಮ್ಮ ಎಂದೇ ಖ್ಯಾತರು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಇಲ್ಲವಾಗಿ ವರ್ಷಗಳಾದರೂ, ಅದರ ಭಾರಕ್ಕೆ ಒಗ್ಗಿದ ದೇಹ ಈಗಲೂ ಎಡಕ್ಕೆ ತುಸು ವಾಲಿಯೇ ನಡೆಯುತ್ತದೆ. ಹೆಜ್ಜೆಯ ಸದ್ದು ಮಾತ್ರ ಕೇಳಿಸದು. ಕದ್ದು ಹರಟುವ ಹುಡುಗಿಯರನ್ನು ಹಿಡಿಯುವ ವೃತ್ತಿಧರ್ಮ ಅವರ ಪಾದಗಳಿಗೆ ಆ ಮೌನವನ್ನು ಕಲಿಸಿದೆ. ತೋಳಿನ ಅಂಚು ಸವೆದ ಕಡುನೀಲಿ ಕೋಟು ಬೇಸಿಗೆಯಲ್ಲೂ ಮೈಮೇಲೆ. ಅದರ ಜೇಬುಗಳಲ್ಲಿ ಟಾರ್ಚು, ಸೀಮೆಸುಣ್ಣ, ಒಂದು ಸುತ್ತು ದಾರ. ಬಾಯಲ್ಲಿ ಸದಾ ಒಂದೇ ಮಾತು: "ಇರು, ನೋಡೋಣ."

ಒಮ್ಮೆ ಹಾಸ್ಟೆಲ್ಲಿನ ಮೇಲ್ಮಹಡಿಯಲ್ಲಿ ಪೈಪು ಒಡೆದು ಮೆಟ್ಟಿಲುಗಳೇ ಜಲಪಾತವಾದಾಗ ಅವರು ಮೊದಲು ಕರೆಂಟಿನ ಮೇನ್ ಆರಿಸಿದರಂತೆ, ಆಮೇಲೆ ವಾಲ್ವ್ ತಿರುಗಿಸಿದರಂತೆ, ತರುವಾಯ ಹುಡುಗಿಯರತ್ತ ತಿರುಗಿ, "ಕಿರುಚ್ತಾ ಇರೋರೆಲ್ಲ ಒಂದೊಂದು ಬಕೆಟ್ ಹಿಡ್ಕೊಂಡು ಕಿರುಚಿ" ಎಂದರಂತೆ.

ಮಗು ಸೀನಿದರೆ ಹಣೆ ಮುಟ್ಟಿ, ಸೀನದಿದ್ದರೆ ಏಕೆ ಸೀನಲಿಲ್ಲವೆಂದು ಮತ್ತೆ ಮುಟ್ಟಿ ನೋಡುವ ನನ್ನಂಥವಳಿಗೆ ಅವರ "ಇರು, ನೋಡೋಣ" ಎಂಬುದು ಆರಂಭದಲ್ಲಿ ಗಾಯದ ಮೇಲೆ ಬರೆ ಎಳೆದಂತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ, ಒಂದು ಭಾನುವಾರ, ಅಡುಗೆಮನೆಯ ಪೈಪಿನ ಮೈತುಂಬ ಹನಿಗಳನ್ನು ಕಂಡು ನಾನು ಅತ್ತೆಯನ್ನು ಕೇಳದೆಯೇ ಪ್ಲಂಬರನನ್ನು ಕರೆಸಿದ್ದೆ. ಉಂಡ ಕೈ ತೊಳೆದೂ ತೊಳೆಯದೆ ಓಡಿಬಂದ ಆ ಮನುಷ್ಯ ಬಟ್ಟೆಯಿಂದ ಪೈಪನ್ನೊಮ್ಮೆ ಒರೆಸಿ, "ತಣ್ಣೀರಿನ ಪೈಪಮ್ಮಾ, ಸೆಕೆಗೆ ಬೆವರಿದೆ" ಎಂದು ಹೇಳಿ ಹೊರಟುಹೋದ. ಅತ್ತೆಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು?

"ಬೆವರಿದ್ರೆ ಬೀಸಣಿಗೆ ತಗೊಂಡು ಗಾಳಿ ಬೀಸ್ಬೇಕಿತ್ತು ಕಣೇ, ಪ್ಲಂಬರ್ ಯಾಕೆ?"

ನಗು ಮುಗಿದ ಮೇಲೆ ದನಿ ತಗ್ಗಿಸಿ ಹೇಳಿದರು: "ಕರೆದ್ರೆ ಅವನು ಬರ್ತಾನೆ, ಇಲ್ಲ ಅನ್ನಲ್ಲ. ಆದ್ರೆ ಸುಮ್ಸುಮ್ನೆ ಕರೀತಾ ಇದ್ರೆ ಒಂದಿನ ನಿಧಾನಕ್ಕೆ ಬರ್ತಾನೆ. ನಮ್ಮ ಗ್ರಹಚಾರಕ್ಕೆ ಆವತ್ತೇ ನಿಜವಾದ ತೊಂದರೆ ಆಗಿರುತ್ತೆ."

ಅಂದಿನಿಂದ ನಾನು ಅವರ ಶಿಷ್ಯೆ. ಜೇಬಿಲ್ಲದ ಉಡುಪಿನವಳಾದ್ದರಿಂದ ಸೀಮೆಸುಣ್ಣವನ್ನು ಸಕ್ಕರೆ ಡಬ್ಬಿಯ ಪಕ್ಕ ಇಟ್ಟುಕೊಂಡೆ.

ಕಳೆದ ತಿಂಗಳ ಒಂದು ಭಾನುವಾರ ಗಂಡ ಕೆಲಸದ ಮೇಲೆ ಪರವೂರಿನಲ್ಲಿದ್ದರು. ಅತ್ತೆ ಬೆಳಗ್ಗೆಯೇ ತಮ್ಮ ಹಳೆಯ ಹಾಸ್ಟೆಲ್ ಹುಡುಗಿಯೊಬ್ಬಳ ಮನೆಗೆ ಹೋಗಿದ್ದರು. ಮಗುವಿಗೆ ಹಿಂದಿನ ದಿನದಿಂದ ಭೇದಿ. ಶುಚಿಯಾಗಿಡಿ, ಕಾಯಿಸಿದ ನೀರನ್ನು ಕುಡಿಸುತ್ತಲೇ ಇರಿ, ತುಟಿ ಒಣಗಲು ಬಿಡಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮಧ್ಯಾಹ್ನ ಬಟ್ಟೆ ಹಿಂಡುತ್ತಿದ್ದಾಗ ಸ್ನಾನದ ಮನೆಯ ಗೋಡೆ ಒದ್ದೆಯಾಗತೊಡಗಿತು. ನಾನು ಕೂಗಲಿಲ್ಲ, ಫೋನು ಮುಟ್ಟಲಿಲ್ಲ. ಗೆರೆ ಎಳೆದೆ, ಚಹಾ ಹೀರುತ್ತ ಕಾದೆ. ತೇವ ಗೆರೆ ದಾಟಲಿಲ್ಲ; ಮನೆಗಿರುವ ಒಂದೇ ಒಂದು ವಾಲ್ವನ್ನು ಮುಚ್ಚಿದೆ. ಆದರೆ ನಲ್ಲಿಗಳೆಲ್ಲ ಒಣಗಿದವು; ವಾಲ್ವ್ ತೆರೆದರೆ ಗೋಡೆ ಮತ್ತೆ ನೆನೆಯುತ್ತದೆಂಬ ಅಂಜಿಕೆ. ತುಂಬಿಟ್ಟಿದ್ದ ಬಕೆಟ್ಟು ಬಟ್ಟೆಯಿಂದ ಬಟ್ಟೆಗೆ ಬರಿದಾಗುತ್ತ ಬಂತು. ಪಕ್ಕದ ಮನೆಗೆ ಬೀಗ. ನಮ್ಮದು ಮೇಲಿನ ಮಹಡಿ, ಮಗುವನ್ನು ಬಿಟ್ಟು ಕೆಳಗಿಳಿಯುವಂತಿರಲಿಲ್ಲ. ಆದರೂ ಗೆರೆ ದಾಟಿಲ್ಲವಲ್ಲ ಎಂದು ಹಲ್ಲು ಕಚ್ಚಿ ಕುಳಿತಿದ್ದೆ.

ಸಂಜೆ ಅತ್ತೆ ಬಂದಾಗ ಪರೀಕ್ಷೆ ಗೆದ್ದ ವಿದ್ಯಾರ್ಥಿನಿಯಂತೆ ವರದಿ ಒಪ್ಪಿಸಿದೆ: "ವಾಲ್ವ್ ಮುಚ್ಚಿದೀನಿ ಅತ್ತೆ. ಗೆರೆ ಹಾಕಿದೀನಿ. ಒಂದು ಕೂದಲಷ್ಟೂ ದಾಟಿಲ್ಲ."

ಅವರು ಗೋಡೆಯತ್ತ ತಿರುಗಿಯೂ ನೋಡಲಿಲ್ಲ. ಬಕೆಟ್ಟಿನ ತಳ ನೋಡಿದರು. ಮೂಲೆಯಲ್ಲಿ ಒಗೆಯದೆ ಬಿದ್ದ ಬಟ್ಟೆಯ ಗುಡ್ಡೆ ನೋಡಿದರು. ಮಗುವಿನ ತುಟಿಯ ಮೇಲೆ ಬೆರಳಾಡಿಸಿದರು.

"ಕುಡಿಸೋಕೆ ನೀರೆಷ್ಟಿದೆ?"

"ಒಂದು ಚೊಂಬು."

"ತೊಳೆಯೋಕೆ?"

"ಇದೇ, ಬಕೆಟ್ಟಲ್ಲಿರೋದು. ನೀವು ನಗ್ತೀರಿ ಅಂತ ಕರೀಲಿಲ್ಲ."

"ಇರು, ನೋಡೋಣ" ಎನ್ನುವರೆಂದು ಕಾದೆ. ಅವರು ಕೋಟನ್ನೂ ಬಿಚ್ಚದೆ ಫೋನು ಕೈಗೆತ್ತಿಕೊಂಡರು. "ತಮ್ಮಾ, ನಾನು ವಾರ್ಡನ್ನು. ಬಾಪ್ಪಾ." ಅಷ್ಟೇ. ಏನಾಗಿದೆಯೆಂದು ಇವರು ಹೇಳಲಿಲ್ಲ, ಆ ಕಡೆಯವನೂ ಕೇಳಲಿಲ್ಲ.

ಕಾಯುವಷ್ಟು ಹೊತ್ತೂ ಅವರು ಮಗುವನ್ನು ಹೆಗಲಿಗೆ ಹಾಕಿಕೊಂಡು, ಚಮಚದ ತುದಿಯಲ್ಲಿ ನೀರು ಕುಡಿಸುತ್ತ, ಎಡಕ್ಕೆ ವಾಲಿ ವಾಲಿ ಓಡಾಡಿದರು. "ತಪ್ಪು ನಿಂದಲ್ಲ ಕಣೇ, ನಂದು. ಗೆರೆ ಹಾಕೋದು ಹೇಳ್ಕೊಟ್ಟೆ, ಅದರಿಂದ ಕಣ್ಣು ಕೀಳೋದು ಹೇಳ್ಕೊಡ್ಲಿಲ್ಲ. ಸೋರೋದು ಎಷ್ಟು ಅಂತ ಆಮೇಲೆ ನೋಡ್ಬೇಕು, ಮನೇಲಿ ಯಾರಿದಾರೆ ಅಂತ ಮೊದಲು ನೋಡ್ಬೇಕು. ನಾನೊಬ್ಳೇ ಇದ್ದಿದ್ರೆ ಒಂದು ಚೊಂಬಲ್ಲಿ ಬೆಳಗು ಮಾಡ್ತಿದ್ದೆ. ಈ ಪುಟ್ಟಪ್ಪ ಮಾಡ್ತಾನಾ?"

ಪ್ಲಂಬರ್ ಬಂದಾಗ ಎಲ್ಲಿಗೋ ಹೊರಟವನ ಇಸ್ತ್ರಿ ಅಂಗಿಯಲ್ಲಿದ್ದ. ತೋಳು ಮಡಚಿ, ಗೋಡೆ ಒಡೆದು, ಬಿರುಕು ಬಿಟ್ಟ ಜಾಯಿಂಟನ್ನು ಬದಲಿಸಿದ. ನಲ್ಲಿ ಮೊದಲು ಕೆಮ್ಮಿ, ಕೆಂಪುನೀರು ಕಾರಿ, ಕೊನೆಗೆ ತಿಳಿಯಾಗಿ ಧುಮುಕಿದಾಗ ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

"ರಜೆ ದಿನ ತೊಂದರೆ ಕೊಟ್ಬಿಟ್ವಿ" ಎಂದೆ ಸಂಕೋಚದಿಂದ.

"ಬೇರೆಯವರು ಕರೆದ್ರೆ ಮೊದಲು ಏನು ಎತ್ತ ಅಂತ ಕೇಳ್ತೀನಕ್ಕಾ" ಎಂದ ಅವನು, ಕೈ ತೊಳೆಯುತ್ತ. "ಈಯಮ್ಮ ಕರೆದ್ರೆ ಮೊದಲು ಚಪ್ಪಲಿ ಮೆಟ್ಕೋತೀನಿ."

"ಸಾಕು ಹೋಗೋ, ಹೊಗಳಿಕೆಗೆ ಬೇರೆ ಚಹಾ ಕೊಡಲ್ಲ" ಎಂದರು ಅತ್ತೆ. ಕೊಟ್ಟರು, ಎರಡು ಲೋಟ.

ಈ ಅತ್ತೆ ನಮ್ಮವರೆಂದು ಹೇಳಿಕೊಳ್ಳುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಇಂಥವರನ್ನು ನಾವು ಕಲ್ಲೆದೆಯವರೆಂದು ತಿಳಿಯುವುದೇ ಹೆಚ್ಚು. ಊರೆಲ್ಲ ಬೆದರಿದಾಗ ಬೆದರದವರಿಗೆ ಮಮತೆಯೂ ಕಡಿಮೆಯಿರಬೇಕೆಂಬುದು ನಮ್ಮಂಥ ಅಳ್ಳೆದೆಯವರ ತರ್ಕ. ಆದರೆ ಇಂಥವರು ತಮ್ಮ ಸ್ವಂತದ ಅನನುಕೂಲಗಳನ್ನೆಲ್ಲ ಸದ್ದಿಲ್ಲದೆ ನುಂಗಿಕೊಂಡು, ಇನ್ನೊಬ್ಬರ ಊಟ, ನಿದ್ದೆ, ರಜೆಗಳಿಗೆ ಕೈಹಾಕದೆ, ಜೀವಮಾನವಿಡೀ ತಮ್ಮ ಕರೆಯನ್ನು ಹಸನಾಗಿ ಉಳಿಸಿಕೊಂಡಿರುತ್ತಾರೆ. ಆ ಕರೆಯನ್ನು ಅವರು ತಮಗಾಗಿ ಬಳಸಿದ್ದನ್ನು ಯಾರೂ ಕಂಡಿರುವುದಿಲ್ಲ. ಮಾತು ಬಾರದ ಒಂದು ಜೀವ ಬಾಯಾರಿದ ದಿನ, ಅದರ ಪರವಾಗಿ ಅವರು "ಬಾ" ಎನ್ನುತ್ತಾರೆ. ಯಾಕೆಂದು ಕೇಳದೆ ಯಾರೋ ಹೊರಟು ಬರುತ್ತಾರೆ.