ಮೊದಲು ಮೇಷ್ಟ್ರು

"ನಾನು ಮೊದಲು ಮೇಷ್ಟ್ರು, ಆಮೇಲೆ ಅಧಿಕಾರಿ" ಎಂದು ಮೈಕಿನಲ್ಲಿ ತಮ್ಮ ಹೇಳಿದ್ದೇ ತಡ, ಸಭಾಂಗಣ ಚಪ್ಪಾಳೆ ತಟ್ಟಿತು. ಮೂರನೇ ಸಾಲಿನಲ್ಲಿ ಕೂತಿದ್ದ ಅಮ್ಮನೂ ತಟ್ಟಿದಳು. ಅವಳ ಪಕ್ಕದಲ್ಲಿದ್ದ ಅಕ್ಕ ಮಾತ್ರ ಮಡಿಲಲ್ಲಿದ್ದ ಕೈಚೀಲದ ಜಿಪ್ಪನ್ನು ಎಳೆಯುತ್ತ, ಮುಚ್ಚುತ್ತ ಕೂತಿದ್ದಳು.

ಊರಿನ ಸರ್ಕಾರಿ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ಮಂಡಳಿಗೆ ಹೊಸ ಮುಖ್ಯಸ್ಥನಾಗಿ ಬಂದಿದ್ದವನು ತಮ್ಮ. ಅವನನ್ನು ಪರಿಚಯಿಸಿದವರು "ಶಿಕ್ಷಣ ಕ್ಷೇತ್ರದಲ್ಲಿ ದಶಕಗಳ ಅನುಭವ" ಎಂದಿದ್ದರು. ಆ ಅನುಭವ ಏನೆಂದು ಅಕ್ಕನಿಗೆ ಗೊತ್ತಿತ್ತು. ಓದು ಮುಗಿಸಿದ ಹೊಸದರಲ್ಲಿ, ಹೆರಿಗೆ ರಜೆಗೆ ಹೋದ ಟೀಚರೊಬ್ಬರ ಜಾಗದಲ್ಲಿ ಅವನು ಕೆಲವು ವಾರ ಪಾಠ ಮಾಡಿದ್ದ. ಚಾಕ್‌ಪೀಸಿನ ಧೂಳಿಗೆ ಕೈ ತುರಿಸುತ್ತದೆ, ಮಕ್ಕಳ ಮೈ ವಾಸನೆ ತಡೆಯಲಾಗುವುದಿಲ್ಲ ಎಂದು ಬಿಟ್ಟು ಬಂದ. ಆಮೇಲೆ ಟೈಲ್ಸ್ ಮಾರಿದ. ಟೈಲ್ಸ್ ಅಂಗಡಿಯ ಯಜಮಾನರು ಕೋಚಿಂಗ್ ಸಂಸ್ಥೆ ತೆರೆದಾಗ ಅದರ ಜಾಹೀರಾತು ನೋಡಿಕೊಂಡ. ಯಜಮಾನರು ಚುನಾವಣೆಗೆ ನಿಂತಾಗ ಅವರ ಜೊತೆ ಓಡಾಡಿದ. ಅವರು ಗೆದ್ದರು, ಇವನು ಶಿಕ್ಷಣತಜ್ಞನಾದ.

ಅಷ್ಟಾದರೂ ಅವಳು ಸುಮ್ಮನಿರುತ್ತಿದ್ದಳೇನೋ. ಆದರೆ ಅವನು ಕನ್ನಡಕ ತೆಗೆದು, ದನಿ ಇಳಿಸಿ, ಒಂದು ಕಥೆ ಶುರು ಮಾಡಿದ.

"ನನ್ನ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದ. ಒಂದೇ ಒಂದು ಮಾತಾಡ್ತಿರಲಿಲ್ಲ. ಎಲ್ರೂ ಮೂಕ ಅಂದ್ಕೊಂಡಿದ್ರು. ಒಂದಿನ ನನಗೆ ಗಂಟಲು ಕಟ್ಟಿಬಿಟ್ಟಿತ್ತು. ಪಾಠಾನೆಲ್ಲ ಬೋರ್ಡ್ ಮೇಲೆ ಬರೆದೆ. ಓದೋರು ಯಾರೂ ಇಲ್ಲ. ಆಗ ಆ ಹುಡುಗ ಎದ್ದು ನಿಂತ..."

ಅಕ್ಕನ ಕೈ ಜಿಪ್ಪಿನ ಮೇಲೆ ನಿಂತುಹೋಯಿತು. ಗಂಟಲು ಕಟ್ಟಿದ್ದು ಅವಳಿಗೆ. ಬೋರ್ಡಿನ ಮೇಲೆ ಬರೆದವಳು ಅವಳು. ಆ ಹುಡುಗ ಎದ್ದು, ಮೇಜಿನ ಅಂಚನ್ನು ಹಿಡಿದುಕೊಂಡು, ಒಡಕು ದನಿಯಲ್ಲಿ ಓದಿದ್ದು ಅವಳ ಎದುರಿಗೆ. ಅವತ್ತು ಸಂಜೆ ಮನೆಗೆ ಬಂದು ಊಟಕ್ಕೆ ಕೂತಾಗ ಅದನ್ನು ಹೇಳಿ ಅತ್ತಿದ್ದಳು. ತಮ್ಮ ಆಗ ತಟ್ಟೆಯಿಂದ ತಲೆ ಎತ್ತಿರಲಿಲ್ಲ.

"ಇವತ್ತು ಆ ಹುಡುಗ ದೊಡ್ಡ ಡಾಕ್ಟರು!" ಎಂದು ತಮ್ಮ ಕಥೆ ಮುಗಿಸಿದ. ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು.

ಊಟದ ಹೊತ್ತಿಗೆ ಅವನು ಅಕ್ಕನ ಹತ್ತಿರ ಬಂದು ಕೂತ. ತುಟಿಯ ಮೇಲೆ ಎಣ್ಣೆ ಮಿನುಗುತ್ತಿತ್ತು. ಒದ್ದೆ ಅಂಗೈಯನ್ನು ಅವಳ ಮುಂಗೈ ಮೇಲಿಟ್ಟು, "ಹೆಂಗಿತ್ತಕ್ಕಾ? ಚೆನ್ನಾಗಿ ಬಂತಲ್ವಾ?" ಎಂದ.

"ಅದು ನಂದು."

"ಏನು?"

"ಆ ಹುಡುಗ ನನ್ನ ಕ್ಲಾಸಲ್ಲಿದ್ದೋನು. ಅವನು ಡಾಕ್ಟರೂ ಆಗ್ಲಿಲ್ಲ. ಮುಂದಿನ ವರ್ಷ ಶಾಲೆ ಬಿಟ್ಟ. ಮೀನು ಪ್ಯಾಕ್ ಮಾಡೋ ಶೆಡ್ಡಲ್ಲಿ ಐಸ್ ಒಡೀತಾನೆ. ಬಸ್ಸಲ್ಲಿ ಸಿಕ್ಕಿದ್ದ, ಮಾತಾಡ್ಸಿದ್ರೆ ಮುಖ ಆ ಕಡೆ ತಿರುಗಿಸ್ಕೊಂಡ."

ತಮ್ಮ ನಕ್ಕ. "ಅದನ್ನ ಹೇಳಕ್ಕಾಗುತ್ತಾ? ಜನ ಊಟ ಬಿಟ್ಟು ಎದ್ದು ಹೋಗ್ತಾರೆ. ನಿಂದು ನಂದು ಅಂತ ಏನಕ್ಕಾ, ನಮ್ಮನೇದು ಅಂದ್ಕೋ. ಅಂಥವು ಇನ್ನೊಂದೆರಡು ಇದ್ರೆ ಹೇಳು, ಮುಂದಿನ ತಿಂಗಳು ಟೀಚರ್‌ಗಳಿಗೆ ತರಬೇತಿ ಇದೆ."

"ಹೇಳೇ" ಎಂದಳು ಅಮ್ಮ, ಬಾಯಲ್ಲಿ ಅನ್ನ ಇಟ್ಟುಕೊಂಡೇ. "ಹೇಳಿದ್ರೆ ನಿನ್ನದೇನು ಸವೆದುಹೋಗುತ್ತೆ? ಅವನು ಮೇಲೆ ಬಂದ್ರೆ ನಿನಗೂ ತಾನೆ ಹೆಸರು?"

ಅಕ್ಕ ತಟ್ಟೆ ಸರಿಸಿ ಎದ್ದು ಹೋಗಿ ನಲ್ಲಿಯ ಕೆಳಗೆ ಮುಂಗೈಯನ್ನು ಉಜ್ಜಿ ಉಜ್ಜಿ ತೊಳೆದಳು. ಮನೆಗೆ ಹೋಗಿ ಇನ್ನೊಮ್ಮೆ ತೊಳೆದಳು.

ಕೆಲವು ದಿನ ಕಳೆದ ಮೇಲೆ ಅವಳ ಶಾಲೆಗೆ ಫೋನ್ ಬಂತು. ಮುಖ್ಯಸ್ಥರು ಬಂದು ಎರಡನೇ ತರಗತಿಗೆ ಸ್ವತಃ ಪಾಠ ಮಾಡುತ್ತಾರೆ, ಫೋಟೋ ತೆಗೆಯುತ್ತಾರೆ, ಕೊಠಡಿ ಚೊಕ್ಕಟವಾಗಿರಲಿ ಎಂದಿತು ಫೋನು. ಎರಡನೇ ತರಗತಿ ಅವಳದು.

ತಮ್ಮ ಬೆಳಿಗ್ಗೆಯೇ ಬಂದ. ಜೊತೆಗೆ ಒಬ್ಬ ಫೋಟೋದವನು, ಒಬ್ಬ ಸಹಾಯಕ. ಸಹಾಯಕ ಕೊಠಡಿಗೆ ಕಾಲಿಟ್ಟವನೇ ಮಕ್ಕಳನ್ನು ಸಂತೆಯಲ್ಲಿ ತರಕಾರಿ ಆರಿಸುವಂತೆ ಆರಿಸತೊಡಗಿದ. ಇಸ್ತ್ರಿ ಮಾಡಿದ ಬಟ್ಟೆಯವರು ಮುಂದೆ, ಗುಂಡಿ ಕಿತ್ತುಹೋದವರು ಹಿಂದೆ. ಮುಂದಿನ ಬೆಂಚಿನಲ್ಲಿ ಸದಾ ಶೀತವಿರುವ ಪುಟ್ಟ ಹುಡುಗಿಯೊಬ್ಬಳು ಕೂತಿದ್ದಳು. ಅಕ್ಕ ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದಳು. ತಮ್ಮ ಅವಳ ಮೂಗನ್ನು ನೋಡಿ ಅರ್ಧ ಹೆಜ್ಜೆ ಹಿಂದೆ ಸರಿದ.

"ಇವಳನ್ನ ಆ ಮೂಲೆಗೆ ಕೂರ್ಸಪ್ಪ. ಫ್ರೇಮಲ್ಲಿ ಬರಬಾರದು."

ಗುಬ್ಬಿ ಚೀಲ ಎಳೆದುಕೊಂಡು ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ತಮ್ಮ ಅಂದವಾದ ಹುಡುಗನೊಬ್ಬನ ಕೈ ಹಿಡಿದು ಬೋರ್ಡಿನ ಮೇಲೆ ಬರೆಸುವಂತೆ ನಿಂತ. ಫೋಟೋ ಆಯಿತು. ಕೂಡಲೇ ಜೇಬಿನಿಂದ ಪುಟ್ಟ ಬಾಟಲಿ ತೆಗೆದು ಕೈಗೆ ಹಾಕಿಕೊಂಡು ತಿಕ್ಕಿದ. ಕೊಠಡಿಯಲ್ಲಿ ಆಸ್ಪತ್ರೆಯ ವಾಸನೆ ಎದ್ದಿತು.

"ಮೇಡಂ ನಿಮ್ಮ ಸ್ವಂತ ಅಕ್ಕ ಅಂತೆ, ಹೌದಾ ಸರ್?" ಎಂದು ಫೋಟೋದವನು ಕೇಳಿದ.

"ಹೂಂ ಮತ್ತೆ. ನಾನು ಪಾಠ ಮಾಡೋದನ್ನ ನೋಡಿ ನೋಡೇ ಇವಳಿಗೂ ಟೀಚರಾಗೋ ಹುಚ್ಚು ಹಿಡಿದಿದ್ದು."

ತಮ್ಮ ಅದನ್ನು ಎಷ್ಟು ಸಲೀಸಾಗಿ ಹೇಳಿದನೆಂದರೆ, ಅವನು ಇನ್ನೂ ಚಡ್ಡಿ ಹಾಕಿಕೊಂಡು ಓಡಾಡುವಾಗಲೇ ತಾನು ಕೆಲಸಕ್ಕೆ ಸೇರಿದ್ದು ನಿಜವೋ ಅಲ್ಲವೋ ಎಂದು ಒಂದು ಗಳಿಗೆ ಅವಳಿಗೇ ಅನುಮಾನವಾಯಿತು. ಅವಳು ಚಾಕ್‌ಪೀಸನ್ನು ಅವನ ಎದುರಿನ ಮೇಜಿನ ಮೇಲಿಟ್ಟಳು.

"ಹಾಗಿದ್ರೆ ಪಾಠ ಮಾಡಿ ಸರ್. ಗಂಟೆ ಹೊಡೆಯೋವರೆಗೂ ಮಾಡಿ. ನಾವು ಹೊರಗಿರ್ತೀವಿ."

'ಮಾಡಿ' ಎಂಬ ಬಹುವಚನ ಕೇಳಿ ತಮ್ಮನ ಮುಖ ಒಂಥರಾ ಆಯಿತು. ಆದರೆ ಫೋಟೋದವನಿಗೆ ಹುರುಪು ಬಂದಿತ್ತು. "ಸೂಪರ್ ಸರ್! ಕಿಟಕಿಯಿಂದ ವಿಡಿಯೋ ತೆಗೀತೀನಿ. ನ್ಯಾಚುರಲ್ ಆಗಿರುತ್ತೆ."

ಅಕ್ಕ ಹೊರಗೆ ಬಂದು ಬಾಗಿಲೆಳೆದುಕೊಂಡಳು.

ಮೊದಮೊದಲು ಅವನ ದನಿಯೊಂದೇ ಕೇಳಿಸುತ್ತಿತ್ತು. "ಮಕ್ಕಳೇ, ನೀವೆಲ್ಲ ದೊಡ್ಡೋರಾದ ಮೇಲೆ ಏನಾಗ್ತೀರಿ?" ಒಬ್ಬ ಡ್ರೈವರ್ ಎಂದ. ಇನ್ನೊಬ್ಬನೂ ಡ್ರೈವರ್ ಎಂದ. ಆಮೇಲೆ ಇಡೀ ತರಗತಿಯೇ ಡ್ರೈವರಾಗಿ, ಬೆಂಚುಗಳು ಬಸ್ಸುಗಳಾಗಿ, ಹಾರನ್ನುಗಳು ಶುರುವಾದವು. "ಸೈಲೆನ್ಸ್" ಎಂದ ತಮ್ಮ. ಯಾರೂ ಕೇಳಲಿಲ್ಲ. ಅವನು ಕಿಟಕಿಯ ಕಡೆ ನೋಡಿ ಅಕ್ಕನಿಗೆ ಒಳಗೆ ಬಾ ಎಂದು ಸನ್ನೆ ಮಾಡಿದ. ಅವಳು ಸೆರಗು ಸರಿಮಾಡಿಕೊಳ್ಳುತ್ತ ನಿಂತಲ್ಲೇ ನಿಂತಳು.

ಒಮ್ಮೆಲೇ ಮರದ ಡಸ್ಟರು ಮೇಜಿಗೆ ಬಡಿದ ಸದ್ದು. ಮತ್ತೊಮ್ಮೆ. "ಬಾಯಿ ಮುಚ್ರೋ, ಕತ್ತೆಗಳಾ!" ಆಮೇಲೆ ಪಿಟ್ಟೆಂಬ ಶಬ್ದವಿಲ್ಲ.

ಅಕ್ಕ ಬಾಗಿಲು ತಳ್ಳಿಕೊಂಡು ಒಳಗೆ ಓಡಿದಳು. ತಮ್ಮ ಡಸ್ಟರು ಹಿಡಿದು ಕೊನೆಯ ಬೆಂಚಿನ ಹತ್ತಿರ ನಿಂತಿದ್ದ. ಗುಬ್ಬಿಯ ಫ್ರಾಕಿನ ಕೆಳಗಿಂದ ನೆಲದ ಮೇಲೆ ಹರಿದ ಉಚ್ಚೆ ಅವನ ಬೂಟಿನ ಅಂಚನ್ನು ಮುಟ್ಟಿತ್ತು. ಅವನು ಬಿಸಿ ತುಳಿದವನಂತೆ ಹಾರಿ ಹಿಂದೆ ಬಂದ.

"ಥೂ! ಥೂ! ಏನಿದು ಗಲೀಜು! ಇಂಥವನ್ನೆಲ್ಲ ಯಾಕೆ ಕಳಿಸ್ತಾರೆ ಶಾಲೆಗೆ?"

ಗುಬ್ಬಿ ಅಳಲಿಲ್ಲ. ತನ್ನ ಕಾಲುಗಳನ್ನೇ ನೋಡುತ್ತಿದ್ದಳು. ಅಕ್ಕ ಅವಳನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು ಆಚೆ ಕರೆದುಕೊಂಡು ಹೋದಳು. ತೊಳೆದು, ಅಲಮಾರಿಯಲ್ಲಿದ್ದ ಯಾರದೋ ಲಂಗ ಉಡಿಸಿ, ಸೊಂಟಕ್ಕೆ ಪಿನ್ನು ಹಾಕಿದಳು. ಬಕೆಟ್ಟು, ಬಟ್ಟೆ ತಂದು ಮಂಡಿಯೂರಿ ನೆಲ ಒರೆಸಲು ಕೂತಳು.

ಅಷ್ಟರಲ್ಲಿ ತಮ್ಮನೂ ಸಹಾಯಕನೂ ಮೂಲೆಯಲ್ಲಿ ಏನೋ ಪಿಸುಗುಟ್ಟಿಕೊಂಡಿದ್ದರು. ತಮ್ಮ ಅವಳ ಹತ್ತಿರ ಬಂದು ಪ್ಯಾಂಟನ್ನು ಮೇಲೆ ಎಳೆದುಕೊಂಡು ಕುಕ್ಕರಗಾಲಿನಲ್ಲಿ ಕೂತ.

"ಅಕ್ಕಾ, ಒಂದ್ನಿಮಿಷ ನೀನು ಏಳು. ಇದನ್ನ ನಾನು ಒರೆಸ್ತಾ ಇರೋ ಥರ ಒಂದು ಫೋಟೋ ತೆಗೀತಾನೆ. ಮಗು ಮಾಡಿದ್ದನ್ನ ಮುಖ್ಯಸ್ಥರೇ ಸ್ವಚ್ಛ ಮಾಡಿದ್ರು ಅಂತ. ಜನ ಕಣ್ಣಲ್ಲಿ ನೀರು ಹಾಕ್ಕೊಳ್ತಾರೆ."

ಅವಳು ತಲೆ ಎತ್ತಿ ಅವನನ್ನು ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ.

"ಸರಿ, ತಗೋ."

ಅವಳು ಚಾಚಿದ ಬಟ್ಟೆಯಿಂದ ಹನಿ ತೊಟ್ಟಿಕ್ಕುತ್ತಿತ್ತು. ತಮ್ಮ ಕೈ ಹಿಂದೆಳೆದುಕೊಂಡ. "ಒಣಗಿರೋದು ಇಲ್ವಾ?"

"ಇಲ್ಲ."

"ಸುಮ್ನೆ ಹಿಡ್ಕೊಳ್ಳೋಕೆ ಅಷ್ಟೇ ಅಕ್ಕಾ. ಬೇರೆ ಯಾವುದಾದ್ರೂ..."

ಅವಳು ಅವನ ಮಣಿಕಟ್ಟು ಹಿಡಿದಳು. ಅಂಗೈ ಬಿಡಿಸಿ, ಒದ್ದೆ ಬಟ್ಟೆಯನ್ನು ಅದರಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ, ಮೇಲಿಂದ ತನ್ನ ಎರಡೂ ಕೈಗಳಿಂದ ಗಟ್ಟಿಯಾಗಿ ಹಿಂಡಿದಳು. ಬೆರಳುಗಳ ಸಂದಿಯಿಂದ ಇಳಿದ ನೀರು ಅವನ ಬಿಳಿ ಅಂಗಿಯ ತೋಳಿನೊಳಗೆ ಹರಿಯಿತು. ಫೋಟೋದವನು ಅಭ್ಯಾಸಬಲದಿಂದ ಕ್ಲಿಕ್ ಮಾಡಿಬಿಟ್ಟ. ತಮ್ಮನ ಕೆನ್ನೆ ಉಬ್ಬಿತು. ಅವನು ಬಟ್ಟೆ ಎಸೆದು, ಬಾಯಿಗೆ ಕೈ ಒಯ್ಯಲು ಹೋಗಿ, ಆ ಕೈಯನ್ನು ನೋಡಿ, ಹೊರಗೆ ಓಡಿದ. ಅಂಗಳದಲ್ಲಿ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿತು.

"ಮೇಡಂ, ಇದೆಲ್ಲ ಬೇಕಿತ್ತಾ ನಿಮಗೆ?" ಎಂದ ಸಹಾಯಕ ಮೆಲ್ಲಗೆ. ಅವಳು ಬಟ್ಟೆ ಎತ್ತಿಕೊಂಡು ಉಳಿದದ್ದನ್ನು ಒರೆಸಿದಳು.

ಮಧ್ಯಾಹ್ನ ಅಮ್ಮನ ಫೋನು ಬಂತು. "ಏನು ಮಾಡಿದೀಯೇ ನೀನು? ಒಡಹುಟ್ಟಿದವನು ಕಣೇ! ಇನ್ನು ನಿನ್ನ ಮುಖ ನೋಡಲ್ಲವಂತೆ. ನಿನ್ನನ್ನ ಶಾಲೆಯಿಂದ ಎತ್ತಿ ಪುಸ್ತಕದ ಗೋಡೌನಿಗೆ ಹಾಕಿಸ್ತಾನಂತೆ."

"ಹಾಕಿಸ್ಲಿ."

"ಒಂದು ಸಲ ಫೋನ್ ಮಾಡಿ ತಪ್ಪಾಯ್ತು ಅನ್ನು."

"ಆಗಲ್ಲಮ್ಮ. ಕ್ಲಾಸಿದೆ, ಇಡ್ತೀನಿ."

ಸಂಜೆ ಗಂಟೆ ಹೊಡೆದಾಗ ಅವಳು ಗುಬ್ಬಿಯ ಫ್ರಾಕನ್ನು ಹಿಂಡಿ ಚೀಲವೊಂದರಲ್ಲಿ ಹಾಕಿ, ಗೇಟಿನವರೆಗೂ ಜೊತೆಗೆ ಹೋದಳು. ರಸ್ತೆಯ ಆಚೆ ಬದಿಯಲ್ಲಿ ಕೆಲಸದ ಬಟ್ಟೆಯಲ್ಲೇ ಬಂದಿದ್ದ ಗುಬ್ಬಿಯ ಅಮ್ಮ ನಿಂತಿದ್ದಳು. ಪಿನ್ನು ಆಗಲೇ ಎಲ್ಲೋ ಬಿದ್ದುಹೋಗಿತ್ತು. ಗುಬ್ಬಿ ಜಾರುವ ಲಂಗವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಆ ಕಡೆ ಈ ಕಡೆ ನೋಡಿ ರಸ್ತೆ ದಾಟಿದಳು. ಅಮ್ಮನನ್ನು ಮುಟ್ಟಿದ ಮೇಲೆ ಹಿಂದೆ ತಿರುಗಿ, ಇನ್ನೊಂದು ಕೈಯನ್ನು ಒದ್ದೆ ಚೀಲದ ಸಮೇತ ಮೇಲೆತ್ತಿ ಬೀಸಿದಳು. ಚೀಲದ ತುದಿಯಿಂದ ನೀರು ಅವಳ ತೋಳಿನ ಮೇಲೆ, ತಲೆಯ ಮೇಲೆ ಹನಿಯುತ್ತಿತ್ತು. ಅವಳು ಬೀಸುತ್ತಲೇ ಇದ್ದಳು.