ಗುಂಡನ ಭಾರ ಯಾರ ಹೆಗಲಿಗೆ?

ನಮ್ಮ ಬೀದಿಯ ಮೂಲೆಯಲ್ಲಿ ಚೀಲ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿ ಇದೆ. ಗಂಡ ಹೊಲಿಗೆ ಯಂತ್ರದ ಮುಂದೆ ಕೂರುತ್ತಾನೆ, ಹೆಂಡತಿ ಕೆಟ್ಟುಹೋದ ಜಿಪ್ಪುಗಳನ್ನು ಸರಿಮಾಡುತ್ತಾಳೆ. ಅವನನ್ನು ಎಲ್ಲರೂ ಚೀಲದಣ್ಣ ಎನ್ನುತ್ತಾರೆ, ಅವಳನ್ನು ಜಿಪ್ಪಕ್ಕ. ಇವರ ಮಗನಿಗೆ ಎಂಟು ತಿಂಗಳು. ತೊಡೆಯಲ್ಲಿ ಮಡಿಕೆ, ಕೈಯಲ್ಲಿ ಮಡಿಕೆ, ಗಲ್ಲದ ಕೆಳಗೆ ಇನ್ನೊಂದು ಗಲ್ಲ. ಅವನಿಗೆ ಗುಂಡ ಎಂದು ಹೆಸರು ಬಿತ್ತು. ಬೇರೆ ಏನು ತಾನೇ ಬೀಳಬೇಕು?

ಅಂಗಡಿಗೆ ಬಂದವರೆಲ್ಲ ಅವನ ಕೆನ್ನೆ ಹಿಂಡಿ, "ಅಬ್ಬಬ್ಬಾ, ಏನ್ ಮಗು ಇದು!" ಎಂದು ಹೊಗಳುವವರೇ. ಆ ಮಗುವನ್ನು ಅಂಗಡಿಯ ಮೇಲೆ ಮೂರನೇ ಮಹಡಿಯಲ್ಲಿರುವ ಮನೆಗೆ ದಿನಾ ಹೊತ್ತು ಹತ್ತುವವರು ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ. ಹೊಗಳುವುದಕ್ಕೇನು, ಭಾರ ಬೀಳುವುದಿಲ್ಲವಲ್ಲ.

ಮಗುವನ್ನು ಎದೆಗೆ ಕಟ್ಟಿಕೊಂಡು ಓಡಾಡುವ ಚೀಲ ಬೇಕು ಎಂದು ಜಿಪ್ಪಕ್ಕ ಕೇಳಿದಾಗ ಚೀಲದಣ್ಣ ನಕ್ಕುಬಿಟ್ಟ.

"ಅಂಗಡಿಯಿಂದ ಯಾಕೆ ತರಬೇಕು? ಊರಿಗೆಲ್ಲ ಚೀಲ ಹೊಲಿಯೋನು ನಾನು. ನನ್ನ ಮಗನಿಗೆ ಒಂದು ಹೊಲಿಯಕ್ಕಾಗಲ್ವಾ?"

ಹೊಲಿದ. ನೀರು ಹಿಡಿಯದ ದಪ್ಪ ಬಟ್ಟೆ, ಎರಡೆರಡು ಸಲ ಹೊಲಿಗೆ, ಬಾಟಲಿ ಇಡಲು ಪಕ್ಕದಲ್ಲೊಂದು ಜೇಬು. ಶಾಲೆಯ ಚೀಲದ ಎರಡು ಪಟ್ಟಿಗಳನ್ನು ಹೆಗಲಿಗೆ ಕೂಡಿಸಿದ. ಮಗುವಿನ ಕಾಲು ಹೊರಗೆ ಬರಲು ಎರಡು ತೂತು ಬಿಟ್ಟ. ಹೊಲಿದು ಮುಗಿದ ದಿನ ಅದನ್ನು ಅಂಗಡಿಯ ಬಾಗಿಲಿಗೆ ನೇತುಹಾಕಿ, ಹೋಗಿಬರುವವರಿಗೆಲ್ಲ ಎಳೆದು ತೋರಿಸಿದ. "ಆನೆಮರಿ ಹಾಕಿದ್ರೂ ಕಿತ್ತು ಬರಲ್ಲ" ಎಂದು ಎದೆಯುಬ್ಬಿಸಿದ.

ಅವನ ಮಾತು ಸುಳ್ಳಲ್ಲ. ಹೊಲಿಗೆ ಕಿತ್ತು ಬರಲಿಲ್ಲ. ಕಿತ್ತುಬಂದದ್ದು ಹೆಂಡತಿಯ ಹೆಗಲು.

ತೆಳ್ಳನೆಯ ಪಟ್ಟಿ ಮಾಂಸದೊಳಗೆ ಇಳಿಯುತ್ತಿತ್ತು. ಗುಂಡ ಅವಳ ಹೊಟ್ಟೆಯ ಕೆಳಗಿನವರೆಗೆ ಜೋತುಬೀಳುತ್ತಿದ್ದ. ಅವನ ಕಾಲುಗಳು ಗಂಟೆಯ ನಾಲಗೆಯಂತೆ ತೂಗಾಡುತ್ತಿದ್ದವು. ಭಾರಕ್ಕೆ ಮುಂದೆ ಬಾಗಬಾರದೆಂದು ಅವಳು ಬೆನ್ನನ್ನು ಹಿಂದಕ್ಕೆ ಬಗ್ಗಿಸಿ ನಡೆಯುತ್ತಿದ್ದಳು. ಬರಬರುತ್ತಾ ಬಲಗೈ ಜೋಮು ಹಿಡಿಯತೊಡಗಿತು. ಜಿಪ್ಪಿನ ರನ್ನರ್ ಬೆರಳಿನಿಂದ ಜಾರಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ.

ಹೇಳಬಹುದಿತ್ತಲ್ಲ ಎನ್ನುತ್ತೀರಿ. ಯಾರಿಗೆ ಹೇಳುವುದು? ಗಂಡ ಅಷ್ಟು ಪ್ರೀತಿಯಿಂದ ಹೊಲಿದಿದ್ದಾನೆ. ಅತ್ತೆಗೆ ಹೇಳೋಣವೆಂದರೆ, ಅತ್ತೆಯ ಬಾಯಲ್ಲಿ ಸದಾ ಒಂದೇ ಮಾತು: "ನಾನು ಇವನಪ್ಪನ್ನ ಸೊಂಟದ ಮೇಲೆ ಕೂರಿಸ್ಕೊಂಡೇ ಇಡೀ ಮನೆ ಕೆಲಸ ಮುಗಿಸ್ತಿದ್ದೆ. ಅವನೇನು ಕಡಿಮೆ ಇದ್ನಾ?"

ಹೆತ್ತ ತಾಯಿಗೆ ತನ್ನ ಮಗುವೇ ಭಾರ ಎಂದರೆ ಕೇಳಿದವರು ಏನೆಂದುಕೊಂಡಾರು? ಅವಳಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು. ಹೆಗಲಿನ ಕೆಂಪು ಬಾಸುಂಡೆಗಳ ಮೇಲೆ ಶಾಲು ಹೊದ್ದು ತುಟಿ ಪಿಟಕ್ಕೆನ್ನದೆ ಇದ್ದಳು.

ಆಮೇಲೆ ಸಣ್ಣ ಸಣ್ಣ ಸುಳ್ಳುಗಳು ಶುರುವಾದವು. ಗುಂಡ ಎರಡೂ ಕೈ ಚಾಚಿ ಅವಳತ್ತ ತೆವಳಿ ಬಂದರೆ, "ತಡಿ ಕಂದ, ಕೈ ಒದ್ದೆಯಾಗಿದೆ" ಎನ್ನುವಳು. ಕೈ ಒಣಗಿಯೇ ಇರುತ್ತಿತ್ತು. "ಒಲೆ ಮೇಲೆ ಹಾಲಿದೆ ಬಂಗಾರ" ಎನ್ನುವಳು. ಒಲೆಯನ್ನು ಹಚ್ಚಿಯೇ ಇರುತ್ತಿರಲಿಲ್ಲ. ಮಗು ಕೆಲವು ದಿನ ಕಾಯಿತು, ಅತ್ತಿತು. ನಂತರ ಅವಳತ್ತ ಕೈ ಚಾಚುವುದನ್ನೇ ಬಿಟ್ಟಿತು. ಅಜ್ಜಿಯ ಕಡೆಗೆ ತೆವಳಿ ಹೋಗತೊಡಗಿತು.

"ನೋಡು, ನನ್ನ ಮೊಮ್ಮಗನಿಗೆ ಅಮ್ಮನಿಗಿಂತ ನಾನೇ ಹೆಚ್ಚು" ಎಂದು ಅತ್ತೆ ತಮಾಷೆ ಮಾಡಿದಳು. ಜಿಪ್ಪಕ್ಕ ನಕ್ಕಳು. ನಕ್ಕು, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಲಸಿಕೆ ಹಾಕಿಸುವ ದಿನ ಬಂತು. ಆರೋಗ್ಯ ಕೇಂದ್ರದ ತುಂಬ ತಾಯಂದಿರು. ನರ್ಸ್ ಗುಂಡನನ್ನು ತಕ್ಕಡಿಯಲ್ಲಿ ಕೂರಿಸಿ ತೂಕ ನೋಡಿ, "ಭೇಷ್! ಎತ್ಕೊಳಮ್ಮ" ಎಂದಳು. ಜಿಪ್ಪಕ್ಕ ಎತ್ತಿದಳು. ಅರ್ಧಕ್ಕೆ ಬಲಗೈ ಸತ್ತಂತಾಯಿತು. ಮಗು ಜಾರಿತು.

ನರ್ಸಿನ ಕೈ ಅಲ್ಲೇ ಇತ್ತು, ಹಿಡಿದುಕೊಂಡಳು. ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಬರೆಯಲು ನನಗೂ ಮನಸ್ಸು ಬರುತ್ತಿಲ್ಲ. ಗುಂಡ ಕಿಟಾರನೆ ಕಿರುಚಿದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಿಂದಿನಿಂದ ಯಾರೋ, "ಮಗು ಹಿಡ್ಕೊಳೋಕೂ ಬರಲ್ವಾ?" ಎಂದರು. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವಳಿಗೆ.

"ಕೈಯಲ್ಲಿ ಎಣ್ಣೆ ಇತ್ತು ಸಿಸ್ಟರ್" ಎಂದಳು.

ನರ್ಸ್ ಅವಳ ಕೈ ಮುಟ್ಟಿ ನೋಡಿದಳು. ಎಣ್ಣೆಯಿರಲಿಲ್ಲ, ಐಸಿನಂತೆ ತಣ್ಣಗಿತ್ತು. ಅವಳನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ ಶಾಲು ಸರಿಸಿದಳು.

"ಎಷ್ಟು ದಿನದಿಂದ ಹೀಗಿದೆ?"

ಜಿಪ್ಪಕ್ಕನಿಗೆ ತಡೆಯಲಾಗಲಿಲ್ಲ. "ಸಿಸ್ಟರ್, ನಂಗೆ ನನ್ನ ಮಗುನೇ ಭಾರ ಆಗ್ಬಿಟ್ಟಿದೆ. ಹೀಗಂತ ಹೇಳೋಕೇ ನಾಚಿಕೆ ಆಗುತ್ತೆ. ಅದು ಹತ್ರ ಬಂದ್ರೆ ಏನಾದ್ರೂ ನೆಪ ಹೇಳಿ ದೂರ ತಳ್ತೀನಿ. ನಾನೆಂಥ ತಾಯಿ?"

"ಅಯ್ಯೋ, ಮಗು ಭಾರ ಇಲ್ಲ ಅಂತ ಯಾರಮ್ಮ ಹೇಳಿದ್ದು? ಈಗ ತೂಗಿದವಳು ನಾನೇ ಅಲ್ವಾ? ಭಾರನೇ!" ನರ್ಸ್ ಬೆಂಚಿನ ಮೇಲಿದ್ದ ಚೀಲವನ್ನು ಎತ್ತಿ ತಿರುಗಿಸಿ ನೋಡಿದಳು. "ಹೊಲಿಗೆ ಚೆನ್ನಾಗಿದೆ. ಆದ್ರೆ ಇದು ಪುಸ್ತಕ ಹೊರೋ ಚೀಲ, ಮಗು ಹೊರೋದಲ್ಲ. ಯಾರು ಹೊಲಿದಿದ್ದು?"

"ನಮ್ಮನೆಯವರು."

"ಹಾಗಾದ್ರೆ ನಿಮ್ಮನೆಯವರ ಹತ್ರ ಸ್ವಲ್ಪ ಕೆಲಸ ಇದೆ. ಸಂಜೆ ಬರ್ತೀನಿ. ನೀನು ಮಾತ್ರ ಈ ಜೋಮಿನ ವಿಷಯ ಇವತ್ತೇ ಡಾಕ್ಟ್ರಿಗೆ ತೋರ್ಸು, ಸುಮ್ನೆ ಬಿಡೋದಲ್ಲ."

ಜಿಪ್ಪಕ್ಕ ಡಾಕ್ಟರಿಗೆ ಕೈ ತೋರಿಸಿಯೇ ಅಂಗಡಿಗೆ ಮರಳಿದಳು. ಸಂಜೆ ನರ್ಸ್ ಅಂಗಡಿಗೆ ಬಂದಾಗ ಚೀಲದಣ್ಣ ಒಬ್ಬ ಗಿರಾಕಿಗೆ ಪಾಠ ಹೇಳುತ್ತಿದ್ದ. ಬೆಟ್ಟ ಹತ್ತುವವರು ಬೆನ್ನಿಗೆ ಹಾಕಿಕೊಳ್ಳುವ ದೊಡ್ಡ ಚೀಲ ಅವನ ಮುಂದಿತ್ತು. "ಭಾರನ ಹೆಗಲ ಮೇಲೆ ಬಿಡಬಾರ್ದು ಸಾರ್. ಈ ಸೊಂಟದ ಬೆಲ್ಟ್ ಸುಮ್ನೆ ಇಟ್ಟಿದಾರಾ? ಬಿಗಿಯಾಗಿ ಕಟ್ಟಿ, ಸೊಂಟದ ಮೂಳೆ ಮೇಲೆ ಕೂರ್ಬೇಕು. ಪಟ್ಟಿ ಅಗಲ ಇರ್ಬೇಕು. ಚೀಲ ಮೈಗೆ ಅಂಟಿರ್ಬೇಕು. ಕೆಳಗೆ ಜೋತಾಡಿದ್ರೆ ಬೆನ್ನು ಹೋಯ್ತು ಅಂತಲೇ ತಿಳ್ಕೊಳಿ."

ಗಿರಾಕಿ ಹೋಗುವವರೆಗೆ ನರ್ಸ್ ಕಾದಳು. ಆಮೇಲೆ ಜಿಪ್ಪಕ್ಕನ ಪಕ್ಕದಲ್ಲಿದ್ದ ಮಗುವಿನ ಚೀಲವನ್ನು ಎತ್ತಿ ಅವನ ಯಂತ್ರದ ಮೇಲಿಟ್ಟಳು.

"ಅಣ್ಣಾ, ಅವರಿಗೆ ಹೇಳಿದ್ರಲ್ಲ, ಅದೇ ಮಾತು ಮನೇಲಿ ಯಾಕೆ ನೆನಪಾಗ್ಲಿಲ್ಲ?"

"ಯಾಕೆ ಸಿಸ್ಟರ್? ಎಲ್ಲಾದ್ರೂ ಹೊಲಿಗೆ ಬಿಟ್ಟಿದೆಯಾ?"

"ಹೊಲಿಗೆ ಬಿಟ್ಟಿಲ್ಲ. ಇದನ್ನ ನೀವು ಯಾವತ್ತಾದ್ರೂ ಹಾಕ್ಕೊಂಡಿದ್ದೀರಾ?"

ಚೀಲದಣ್ಣ ತಬ್ಬಿಬ್ಬಾದ. ಹೊಲಿದಿದ್ದ, ಎಳೆದು ನೋಡಿದ್ದ, ನೂರಾರು ಜನಕ್ಕೆ ತೋರಿಸಿದ್ದ. ಮಗುವನ್ನು ಅದರಲ್ಲಿ ಕೂರಿಸಿ ಹೆಗಲಿಗೆ ಹಾಕಿಕೊಂಡಿರಲಿಲ್ಲ. ಅದು ಅವಳ ಕೆಲಸ ತಾನೇ ಎಂದುಕೊಂಡಿದ್ದ.

"ಕೊಡಿ, ಅದೇನ್ ಮಹಾ" ಎಂದು ಹಾಕಿಕೊಂಡ. ಗುಂಡನನ್ನು ಕೂರಿಸಿಕೊಂಡು, ಮಗುವಿನ ಬೆನ್ನಿಗೆ ಕೈ ಆನಿಸಿಕೊಂಡು ಮೂರನೇ ಮಹಡಿಗೆ ಹೋಗಿ ಇಳಿದು ಬಂದ. ಹೋಗುವಾಗ ಸಿಳ್ಳೆ ಹಾಕುತ್ತಿದ್ದ. ಬರುವಾಗ ಮುಖ ಸಪ್ಪಗಿತ್ತು. ಹೆಗಲು ಉಜ್ಜಿಕೊಳ್ಳುತ್ತಾ ಸ್ಟೂಲಿನ ಮೇಲೆ ಕುಳಿತ. ಜಿಪ್ಪಕ್ಕ ತಲೆ ತಗ್ಗಿಸಿ ಜಿಪ್ಪಿನ ಹಲ್ಲುಗಳನ್ನೇ ನೋಡುತ್ತಿದ್ದಳು.

"ದಿನಾ ಹೀಗೇನಾ?" ಎಂದ.

ಅವಳು ಹೂಂ ಎಂದಳು.

"ನಂಗೆ ಯಾಕೆ ಹೇಳ್ಲಿಲ್ಲ?"

"ಎಲ್ಲರ ಮುಂದೆ ಅಷ್ಟು ಹೆಮ್ಮೆಯಿಂದ ತೋರಿಸ್ತಿದ್ರಲ್ಲಾ ರೀ."

ಅಪರಿಚಿತರ ಬೆನ್ನಿನ ಬಗ್ಗೆ ಇಷ್ಟು ಕಾಳಜಿಯಿದ್ದವನಿಗೆ ಪಕ್ಕದಲ್ಲೇ ಕೂರುವವಳ ಹೆಗಲು ಕಾಣಲಿಲ್ಲವಲ್ಲ ಎಂದು ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಅಷ್ಟರಲ್ಲಿ ಮೇಲಿನಿಂದ ಇಳಿದುಬಂದ ಅತ್ತೆ ಎಲ್ಲ ಕೇಳಿಸಿಕೊಂಡಳು. "ಇದೇನು ದೊಡ್ಡ ವಿಷಯ ಅಂತ... ನಾನು ಸೊಂಟದ ಮೇಲೆ..." ಎಂದು ಶುರುಮಾಡಿದವಳು ಶಾಲು ಜಾರಿದ್ದ ಸೊಸೆಯ ಹೆಗಲು ಕಂಡು ಅರ್ಧಕ್ಕೆ ನಿಲ್ಲಿಸಿದಳು. ಪಕ್ಕದಲ್ಲಿ ಕುಳಿತಳು. "ಸೊಂಟದ ಮೇಲೆ ಕೂರಿಸ್ಕೊಂಡಿದ್ದು ನಿಜ ಕಣಮ್ಮ. ಇವತ್ತಿಗೂ ಆ ಮಗ್ಗುಲಿಗೆ ತಿರುಗಿ ಮಲಗೋಕಾಗಲ್ಲ. ಅದನ್ನ ಮಾತ್ರ ಯಾರಿಗೂ ಹೇಳಿಲ್ಲ ನೋಡು."

ಮಾರನೆಯ ದಿನ ನಾಲ್ವರೂ ಗುಂಡನನ್ನು ಕರೆದುಕೊಂಡು ಮಕ್ಕಳ ಸಾಮಾನಿನ ಅಂಗಡಿಗೆ ಹೋದರು. ನಾಲ್ಕನೆಯವಳು ನರ್ಸ್. ಚೀಲದಣ್ಣ ಮಾತ್ರ ಮೊದಲೇ ಗೊಣಗಿದ: "ಬೇರೆಯವರ ಹೊಲಿಗೆಗೆ ನಾನು ಕಾಸು ಕೊಡಬೇಕಾ?"

"ಕೊಡಿ. ಭಾರ ಹಾಕಿ ಪರೀಕ್ಷೆ ಮಾಡಿ ಕಳಿಸಿರ್ತಾರೆ. ಎಷ್ಟು ತೂಕದ ಮಗುವಿನವರೆಗೆ ಆಗುತ್ತೆ ಅಂತ ಲೇಬಲ್ ಮೇಲೆ ಬರೆದಿರ್ತಾರೆ. ಮೊದಲು ಅದನ್ನ ಓದಿ, ಆಮೇಲೆ ಬಣ್ಣ ನೋಡಿ" ಎಂದಳು ನರ್ಸ್.

ಮೊದಲು ಮಗುವನ್ನು ಮೈಗೆ ಕಟ್ಟಿಕೊಳ್ಳುವ ಉದ್ದನೆಯ ಬಟ್ಟೆ ಸುತ್ತಿ ನೋಡಿದರು. ಎರಡು ಹೆಗಲಿನ ಮೇಲೂ ಅಗಲವಾಗಿ ಹರಡಿ, ಬೆನ್ನ ಮೇಲೆ ಅಡ್ಡಡ್ಡ ಹಾಯಿಸಿ ಕಟ್ಟಿದಾಗ ಹಾಯಾಗಿತ್ತು. ಆದರೆ ಅದು ಹಿಗ್ಗುವ ಬಟ್ಟೆ. ಗುಂಡನ ತೂಕಕ್ಕೆ ಸ್ವಲ್ಪ ಹೊತ್ತಿನಲ್ಲೇ ಜಗ್ಗಿತು. "ಭಾರದ ಮಗುವಿಗೆ ಹಿಗ್ಗದ ಗಟ್ಟಿ ಬಟ್ಟೆ ಬೇಕು. ಇಲ್ಲಾಂದ್ರೆ ಬಕಲ್ ಇರೋದು ತಗೊಳಿ" ಎಂದಳು ನರ್ಸ್.

ಆಮೇಲೆ ಸೊಂಟಕ್ಕೆ ಅಗಲವಾದ ಬೆಲ್ಟ್ ಇದ್ದ ಒಂದನ್ನು ಜಿಪ್ಪಕ್ಕ ಹಾಕಿಕೊಂಡಳು. ಗುಂಡನನ್ನು ಅವಳ ಎದೆಗೆ ಮುಖ ಮಾಡಿ ಕೂರಿಸಿದರು. ಒಂದು ಮಂಡಿಯಿಂದ ಇನ್ನೊಂದು ಮಂಡಿಯವರೆಗೂ ಕೆಳಗೆ ಬಟ್ಟೆಯ ಆಸರೆ ಇತ್ತು. ಮಂಡಿಗಳು ಅಂಡಿಗಿಂತ ತುಸು ಮೇಲೆ ಬಂದವು.

"ಹೀಗೆ ಕಪ್ಪೆ ಥರ ಕೂತ್ರೆ ಕಾಲು ಸೊಟ್ಟ ಆಗಲ್ವಾ?" ಅತ್ತೆ ಕೇಳಿದಳು.

"ಇಲ್ಲಮ್ಮ, ಮಗುವಿನ ಸೊಂಟದ ಕೀಲಿಗೆ ಇದೇ ಒಳ್ಳೇದು. ಕಾಲು ಜೋತಾಡೋದೇ ಒಳ್ಳೇದಲ್ಲ."

"ಮುಖ ಹೊರಗೆ ಮಾಡಿದ್ರೆ ಲೋಕ ನೋಡ್ತಾನಲ್ಲ?"

"ಆಗ ಭಾರ ಮುಂದಕ್ಕೆ ಎಳೆಯುತ್ತೆ, ಅವಳ ಬೆನ್ನು ಮತ್ತೆ ಬಗ್ಗುತ್ತೆ. ತಲೆ ಬಗ್ಗಿಸಿದ್ರೆ ಮಗು ನೆತ್ತಿಗೆ ಮುತ್ತು ಕೊಡೋಷ್ಟು ಮೇಲಿರ್ಬೇಕು. ಮುಖ ಯಾವಾಗಲೂ ಕಾಣ್ತಿರ್ಬೇಕು, ಮೂಗಿಗೆ ಬಟ್ಟೆ ಅಡ್ಡ ಬರಬಾರ್ದು, ಗಲ್ಲ ಎದೆಗೆ ಒತ್ತಿಕೊಂಡಿರಬಾರ್ದು. ಗುಂಡ ತಾನಾಗೇ ಕೂರ್ತಾನಲ್ಲ, ಹಾಕ್ಕೊಳೋದು ಚೆನ್ನಾಗಿ ರೂಢಿಯಾದ ಮೇಲೆ ಬೆನ್ನಿಗೂ ಹಾಕ್ಕೋಬಹುದು."

ಚೀಲದಣ್ಣ ಅಷ್ಟೂ ಹೊತ್ತು ಹೊಲಿಗೆಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಬಕಲ್‌ಗಳನ್ನು ಟಕಟಕ ಹಾಕಿ ತೆಗೆದು, ಕೊನೆಗೆ ಸಣ್ಣ ದನಿಯಲ್ಲಿ "ನನ್ನದಕ್ಕಿಂತ ಚೆನ್ನಾಗಿದೆ" ಎಂದ. ಅವನ ಬಾಯಲ್ಲಿ ಆ ಮಾತು ಬಂದದ್ದು ಸಣ್ಣ ವಿಷಯವಲ್ಲ.

ಜಿಪ್ಪಕ್ಕ ಅಂಗಡಿಯೊಳಗೆ ಆ ತುದಿಯಿಂದ ಈ ತುದಿಗೆ ನಡೆದಳು. ಹೆಗಲು ಉರಿಯಲಿಲ್ಲ. ಭಾರ ಇತ್ತು, ಆದರೆ ಸೊಂಟದ ಮೇಲೆ ಕುಳಿತಿತ್ತು. ಗುಂಡ ಅವಳ ಎದೆಗೆ ಕೆನ್ನೆ ಆನಿಸಿ ನಿದ್ದೆಹೋದ. "ಕಂದ, ನನ್ನ ಕೈ ಒದ್ದೆ ಇರ್ಲಿಲ್ಲ ಕಣೋ" ಎಂದು ಅವನ ಕಿವಿಯಲ್ಲಿ ಹೇಳಿದಳು. ಅವನಿಗೇನು ಅರ್ಥವಾದೀತು? ಅವನು ಎಲ್ಲ ಮರೆತಾಗಿತ್ತು. ಮರೆಯಲು ಅವಳಿಗಿನ್ನೂ ಆಗಿಲ್ಲ.

ಈಗ ಬೆಲ್ಟನ್ನು ಸಡಿಲಿಸಿ ಬಿಗಿಮಾಡಿ ಗಂಡ ಹೆಂಡತಿ ಇಬ್ಬರೂ ಅದನ್ನೇ ಸರದಿಯಲ್ಲಿ ಹಾಕಿಕೊಳ್ಳುತ್ತಾರೆ. ಮೊನ್ನೆ ಚೀಲದಣ್ಣ ಗುಂಡನನ್ನು ಎದೆಗೆ ಕಟ್ಟಿಕೊಂಡು ಬೀದಿಯಲ್ಲಿ ಹೋಗುತ್ತಿದ್ದಾಗ ಎದುರು ಕಟ್ಟೆಯ ಮೇಲೆ ಕುಳಿತಿದ್ದ ಕ್ಷೌರಿಕ ಕೂಗಿದ: "ಏನಣ್ಣ, ಗಂಡಸಾಗಿ ಮಗು ಕಟ್ಕೊಂಡು ತಿರುಗ್ತಿದ್ದೀಯಲ್ಲ, ನಾಚಿಕೆ ಆಗಲ್ವಾ?"

"ಆಗುತ್ತೆ ಕಣಯ್ಯ. ಇಷ್ಟು ದಿನ ಕಟ್ಕೊಳ್ಳದೇ ಇದ್ದಿದ್ದಕ್ಕೆ."

ಅಕ್ಕಂದಿರೇ, ಅಣ್ಣಂದಿರೇ, ಮಗು ಭಾರ ಎಂದು ಹೇಳುವುದು ತಪ್ಪಲ್ಲ. ಹೆಗಲು ನೋಯುತ್ತಿದ್ದರೆ ಮನೆಯಲ್ಲಿ ಬಾಯಿಬಿಟ್ಟು ಹೇಳಿ. ಕೈ ಜೋಮು ಹಿಡಿದರೆ ವೈದ್ಯರಿಗೆ ತೋರಿಸಿ. ಮಗುವಿನ ಚೀಲವನ್ನೋ ಬಟ್ಟೆಯನ್ನೋ ಕೊಳ್ಳುವಾಗ ಮಗುವನ್ನೂ ಕರೆದುಕೊಂಡು ಹೋಗಿ, ಅದರಲ್ಲಿ ಕೂರಿಸಿ ನಡೆದು ನೋಡಿ. ಅಗಲವಾದ ಪಟ್ಟಿ, ಸೊಂಟದ ಬೆಲ್ಟ್, ಮಂಡಿಯವರೆಗಿನ ಆಸರೆ ಇದೆಯೇ ಎಂದು ಗಮನಿಸಿ. ಇನ್ನೂ ಕತ್ತು ನಿಲ್ಲದ ಎಳೆಗೂಸಾದರೆ, ತೂಕ ಕಡಿಮೆಯಿದ್ದರೆ, ಕಟ್ಟಿಕೊಳ್ಳುವ ಮೊದಲು ಆರೋಗ್ಯ ಕೇಂದ್ರದಲ್ಲಿ ಕೇಳಿ. ಮಗುವನ್ನು ಕಟ್ಟಿಕೊಂಡು ಒಲೆಯ ಮುಂದೆ ನಿಲ್ಲಬೇಡಿ. ಏನಾದರೂ ಎತ್ತಲು ಬಾಗುವಾಗ ಸೊಂಟ ಬಗ್ಗಿಸದೆ ಮಂಡಿ ಮಡಚಿ.

ಇನ್ನು, ಮನೆಯಲ್ಲಿ ಮಗು ಹೊರುವವರು ಬೇರೆಯವರಾಗಿದ್ದರೆ, ಇವತ್ತು ಒಂದು ಸಲ ಆ ಚೀಲವನ್ನು ಮಗುವಿನ ಸಮೇತ ನೀವು ಹಾಕಿಕೊಂಡು ಮೆಟ್ಟಿಲು ಹತ್ತಿ ನೋಡಿ.